ಇಂದುಮತಿ ಮನೆ ಮುಟ್ಟಿದ್ದು

ಹೊಸ ಜೋಡಿಯನ್ನು ಗಾಡಿಗೆ ಹತ್ತಿಸಬಾರದು. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಆಟೋ, ಟೆಂಪೋ ಇಟ್ಟುಕೊಂಡು ಪ್ರವಾಸಿಗರಿಗೆ ಕಡಲು ತೋರಿಸುವ ನಾವೆಲ್ಲ ಮೊದಲು ಕಲಿಯುವ ಪಾಠ ಇದು. ಚೌಕಾಸಿ ಮಾಡುವವರನ್ನು ಹತ್ತಿಸಬಹುದು, ದಾರಿಯುದ್ದಕ್ಕೂ ವಾಂತಿ ಮಾಡುವ ಮಕ್ಕಳನ್ನೂ ಹತ್ತಿಸಬಹುದು. ಅಂಗೈಯ ಮೆಹಂದಿ ಮಾಸದ ಹುಡುಗಿ, ಪಕ್ಕದಲ್ಲಿ ಹೊಸ ಬೂಟಿನ ಹುಡುಗ ಬಸ್ಸಿಳಿದರೆ ಮಾತ್ರ ನಮ್ಮವರೆಲ್ಲ ಒಟ್ಟಿಗೆ ಬಗ್ಗಿ ಟಯರು ನೋಡಲು ಶುರುಮಾಡುತ್ತಾರೆ.

ನಮ್ಮೂರಿನ ಕಡಲು ಮನುಷ್ಯರ ಹೆಜ್ಜೆಯನ್ನು ಅವರು ಮನೆ ಮುಟ್ಟುವ ತನಕ ಅಳಿಸುವುದಿಲ್ಲ. ಉಬ್ಬರ ಬಂದು ಮೇಲೆ ಹರಿಯುತ್ತದೆ, ಇಳಿತಕ್ಕೆ ನೀರು ಸರಿದಾಗ ಹೆಜ್ಜೆ ಅಲ್ಲೇ ಇರುತ್ತದೆ, ಹೆಬ್ಬೆರಳಿನ ಗುಳಿ ಸಮೇತ. ಆ ಮನುಷ್ಯ ತನ್ನೂರಿಗೆ ಹೋಗಿ ತನ್ನ ಹೊಸ್ತಿಲು ದಾಟಿದ ಮೇಲೆ ಬರುವ ಮೊದಲ ಅಲೆ ಅದನ್ನು ಒಯ್ಯುತ್ತದೆ. ಊರವರಾದ ನಾವು ಸಂಜೆಗೆ ಮನೆ ಸೇರುವುದರಿಂದ ನಮ್ಮದು ಅಂದಿನದು ಅಂದೇ ಹೋಗುತ್ತದೆ. ಬೋಟಿಗೆ ಹೋದ ಗಂಡಸರದ್ದು ಅವರು ಬರುವ ತನಕ ಇರುತ್ತದೆ. ನನ್ನ ಗಂಡ ವಿಠಲನದ್ದು ವರ್ಷದಲ್ಲಿ ಅರ್ಧ ಕಾಲ ಅಲ್ಲೇ ಬಿದ್ದಿರುತ್ತದೆ. ಮಕ್ಕಳು ಹೆಜ್ಜೆಗಳನ್ನು ತಪ್ಪಿಸಿ ಕ್ರಿಕೆಟ್ ಆಡುತ್ತಾರೆ, ಬಲೆ ಎಳೆಯುವವರು ಬಳಸಿಕೊಂಡು ಎಳೆಯುತ್ತಾರೆ. ಇನ್ನೊಬ್ಬರ ಹೆಜ್ಜೆ ತುಳಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಕಡಲಿಗೆ ಯಾರನ್ನು ಯಾರು ಕರೆದುಕೊಂಡು ಹೋದರೋ ಅವರು ಮನೆ ಮುಟ್ಟುವ ತನಕ ಹೊಣೆ ಅವರದೇ. ಒಬ್ಬನ ಹೆಜ್ಜೆ ಉಳಿದಿದ್ದರೂ ಆ ಗಾಡಿಯವರು ಹೊಸ ಪ್ರವಾಸಿಗರನ್ನು ಹತ್ತಿಸುವಂತಿಲ್ಲ. ಹಾಗಾಗಿ ಬೇರೆ ಊರುಗಳಲ್ಲಿ ಬಂದವರಿಗೆ ಇನ್ನೆರಡು ದಿನ ಇದ್ದು ಹೋಗಿ ಅನ್ನುತ್ತಾರಂತೆ, ನಾವು ಲೈಟ್‌ಹೌಸು ತೋರಿಸಿ, ಅಳಿವೆಯಲ್ಲಿ ದೋಣಿ ಹತ್ತಿಸಿ, ಊಟ ಹಾಕಿಸಿ, ಬುತ್ತಿಯನ್ನೂ ಕಟ್ಟಿಕೊಟ್ಟು ನೇರ ಮನೆಯ ಬಸ್ಸಿಗೆ ಕೂರಿಸುತ್ತೇವೆ. ಹೋಗುವ ದಾರಿಯಲ್ಲಿ ಇನ್ನೊಂದು ದೇವಸ್ಥಾನ ನೋಡುತ್ತೇವೆ ಅಂದವರಿಗೆ ಆಟೋದ ಸಿರಿಲಣ್ಣ ಕಣ್ಣು ಮಿಟುಕಿಸದೆ ಹೇಳುತ್ತಾನೆ: “ಅಲ್ಲಿ ಈಗ ರಿಪೇರಿ ನಡೀತಾ ಉಂಟು ಮಾರಾಯ್ರೆ. ಒಳಗೆ ಬಿಡುದಿಲ್ಲ.” ಇದೇ ಸಿರಿಲಣ್ಣ ಪ್ರಾಯದಲ್ಲಿ ಒಮ್ಮೆ ತಾಳ್ಮೆಗೆಟ್ಟು, ಯಾರದ್ದೋ ಹೆಜ್ಜೆಯನ್ನು ಹಾರೆ ತೆಗೆದುಕೊಂಡು ಹೋಗಿ ಕೆದಕಿದ್ದ. ಮರುದಿನ ಅದೇ ಹೆಜ್ಜೆ ಅವನ ಮನೆ ಜಗಲಿಯ ಸಿಮೆಂಟಿನಲ್ಲಿ ಎದ್ದಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಬಣ್ಣ ಬಳಿಯುತ್ತಾನೆ, ಇನ್ನೂ ಕಾಣುತ್ತದೆ.

ಇನ್ನು ಹೊಸ ಜೋಡಿ. ಮದುಮಗನ ಹೆಜ್ಜೆ ಊರು ಸೇರಿದ ಕೂಡಲೇ ಹೋಗುತ್ತದೆ. ಮದುಮಗಳದ್ದು ಹೋಗುವುದಿಲ್ಲ. ಅವಳು ಗಂಡನ ಮನೆ ಮುಟ್ಟಿರುತ್ತಾಳೆ, ತನ್ನ ಮನೆ ಮುಟ್ಟಿರುವುದಿಲ್ಲ. ತವರಿಗೆ ಹೋದರೂ ಉಪಯೋಗವಿಲ್ಲ, ಅಲ್ಲಿ ಅವಳಾಗಲೇ ನೆಂಟಳು. ಕೆಲವರದ್ದು ತಿಂಗಳಿಗೆ ಅಳಿಯುತ್ತದೆ, ಕೆಲವರದ್ದು ಎರಡು ಮಳೆಗಾಲ ತಿಂದು ಕೂರುತ್ತದೆ. ಅಷ್ಟು ದಿನ ಗಾಡಿ ನಿಲ್ಲಿಸಿಕೊಂಡು ಯಾರಿಗೆ ಬದುಕಲಿಕ್ಕಾಗುತ್ತದೆ?

ಇದೆಲ್ಲ ಗೊತ್ತಿದ್ದೂ ನಾನು ಇಂದುಮತಿಯನ್ನು ಹತ್ತಿಸಿದೆ. ದೀಪಾವಳಿ ಕಳೆದು ಸೀಸನ್ ಆಗಷ್ಟೇ ಕಣ್ಣು ಬಿಡುತ್ತಿತ್ತು. ಘಟ್ಟದ ಮೇಲಿನ ಬಸ್ಸು ಬಂದು ನಿಂತಿತು, ಈ ಇಬ್ಬರು ಇಳಿದರು, ಇಡೀ ಸ್ಟ್ಯಾಂಡು ಟಯರಿಗೆ ಬಗ್ಗಿತು. ಹುಡುಗಿ ಒಂದೊಂದೇ ಗಾಡಿಯ ಹತ್ತಿರ ಹೋಗಿ ಕೇಳಿದಳು. ಎಲ್ಲರೂ ಇಲ್ಲ ಅಂದರು. ಕೊನೆಗೆ ನನ್ನ ಬಿಳಿ ಟೆಂಪೋದ ಹತ್ತಿರ ಬಂದು, “ಅಕ್ಕಾ, ನಮಗೆ ಯಾರೂ ಕಡಲು ತೋರಿಸಲ್ಲ ಅಂತಾರೆ, ಯಾಕಕ್ಕಾ?” ಅಂದಳು. ಮುಖ ಅಳುವುದಕ್ಕೆ ಬಂದಿತ್ತು. ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಸಿರಿಲಣ್ಣ ಟಯರಿನ ಹಿಂದಿನಿಂದ, “ಬೇಡ ವಾರಿಜಕ್ಕ, ನಿಮಗೆ ಹೇಳಿದ್ದೇನೆ, ಬೇಡ,” ಅಂದ. ಅಲ್ಲಿಗೆ ಮುಗಿಯಿತು. ಬೇಡ ಅಂದದ್ದನ್ನು ಮಾಡದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. “ಕೂತ್ಕೊಳ್ಳಿ,” ಅಂದೆ.

ಆ ಹುಡುಗಿ ಅದುವರೆಗೆ ಕಡಲು ನೋಡಿರಲಿಲ್ಲ. ಗಾಳಿಮರಗಳ ತಿರುವಿನಲ್ಲಿ ನೀರು ಕಂಡದ್ದೇ, ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆದು, ಚಪ್ಪಲಿಯನ್ನು ನನ್ನ ಸೀಟಿನ ಮೇಲೆ ಎಸೆದು ಓಡಿದಳು. ಅವಳ ಗಂಡ ಪರಮೇಶ ಒಳ್ಳೆಯ ಹುಡುಗ, ಸ್ವಲ್ಪ ಸಂಕೋಚದವನು. ಬೂಟು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು, ಒಣ ಮರಳಿನ ಅಂಚಿನಲ್ಲೇ ನೆಟ್ಟಗೆ ಒಂದು ಗೆರೆ ನಡೆದು ವಾಪಸು ಬಂದ. ಇವಳು ಕಪ್ಪು ಬಂಡೆಯ ತನಕ ಓಡಿದಳು, ಬಂಡೆಗೆ ಸುತ್ತು ಬಂದಳು, ಅಲೆ ಹಿಂದೆ ಹೋದಾಗ ಅಟ್ಟಿಸಿಕೊಂಡು ಹೋಗಿ, ಮುಂದೆ ಬಂದಾಗ ಕಿರುಚಿಕೊಂಡು ಓಡಿ ಬಂದಳು, ಏಡಿಯ ಹಿಂದೆ ಹೋದಳು, ಪಕ್ಕದ ಮಕ್ಕಳ ಜೊತೆ ಕುಂಟೆಬಿಲ್ಲೆಯನ್ನೂ ಆಡಿದಳು. ನಾನು ಗಾಡಿಯಲ್ಲಿ ಕುಳಿತು ನೋಡುತ್ತಿದ್ದೆ. ಇಡೀ ದಂಡೆ ಅವಳ ಹೆಜ್ಜೆಯಿಂದ ತುಂಬುತ್ತಿತ್ತು. ಕೆಲಸ ಕೆಟ್ಟಿತು ವಾರಿಜಾ ಅಂದುಕೊಂಡೆ. ಆದರೂ ನಗು ತಡೆಯಲಾಗಲಿಲ್ಲ.

ಲೈಟ್‌ಹೌಸು ತೋರಿಸಿದೆ. ಮೇಲೆ ನಿಂತು ತನ್ನ ಸೆರಗನ್ನು ಗಾಳಿಗೆ ಬಿಟ್ಟು, “ರೀ, ಹಿಡ್ಕೊಳ್ಳಿ, ನಾನು ಹಾರಿಹೋದೆ!” ಅಂದಳು. ಅವನು ನಿಜವಾಗಿಯೂ ಹಿಡಿದುಕೊಂಡ. ಅಳಿವೆಯಲ್ಲಿ ದೋಣಿಯವನು ನದಿಯ ಸಿಹಿನೀರು ಕಡಲಿಗೆ ಸೇರುವ ಗೆರೆಯನ್ನು ತೋರಿಸಿದಾಗ, ಅವಳು ಆ ಕಡೆಯ ನೀರನ್ನೂ ಈ ಕಡೆಯ ನೀರನ್ನೂ ಬಾಯಿಗೆ ಹಾಕಿ ನೋಡಿದಳು. ಮರುದಿನ ಬೆಳಿಗ್ಗೆ ಬುತ್ತಿ ಕೊಟ್ಟು ಬಸ್ಸು ಹತ್ತಿಸಿದೆ. ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ಕಳಿಸಲಿಕ್ಕೆಂದು ಅವಳ ನಂಬರು ಇಟ್ಟುಕೊಂಡೆ.

ಪರಮೇಶನ ಗೆರೆ ಅದೇ ರಾತ್ರಿಯ ಉಬ್ಬರಕ್ಕೆ ಹೋಯಿತು. ಇಂದುಮತಿಯದ್ದು ಹೋಗಲಿಲ್ಲ. ವಾರ ಕಳೆಯಿತು. ಊರಿನ ಪದ್ಧತಿಯಂತೆ ನಾನೇ ಹೋಗಿ, ನಾಯಿ ತುಳಿಯದ ಹಾಗೆ ಸುತ್ತ ತೆಂಗಿನ ಚಿಪ್ಪು ಊರಿ ಬೇಲಿ ಮಾಡಿದೆ. ಸಾಧಾರಣವಾಗಿ ಹತ್ತು ಹನ್ನೆರಡು ಚಿಪ್ಪು ಸಾಕು. ಇವಳಿಗೆ ಅಕ್ಕಪಕ್ಕದ ಮನೆಗಳಿಂದೆಲ್ಲ ಬೇಡಿ ತರಬೇಕಾಯಿತು. ಸಿರಿಲಣ್ಣ ಎರಡು ಗೋಣಿ ಚಿಪ್ಪು ತಂದು ಇಳಿಸಿ, “ಇಷ್ಟು ಸಾಕಾ, ಅಲ್ಲ ತೋಟವನ್ನೇ ತರುದಾ?” ಅಂತ ಕೇಳಿದ. ಬೇರೆ ಗಾಡಿಗಳಲ್ಲಿ ಜನ ತುಂಬಿ ಹೋಗುತ್ತಿದ್ದರು. ನಾನು ಟೆಂಪೋದಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆ ಸಾಗಿಸಿದೆ, ಶಾಲೆ ಮಕ್ಕಳನ್ನು ಬಿಟ್ಟು ಬಂದೆ. ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನ ಕಡೆ ಹೋಗುವುದನ್ನೇ ಬಿಟ್ಟೆ, ಹೊಟ್ಟೆ ಉರಿಯುತ್ತಿತ್ತು. ಮಳೆ ಹಿಡಿದರೆ ಸೀಸನ್ ಮುಗಿದ ಹಾಗೆ. ಅಷ್ಟರೊಳಗೆ ಆ ಹುಡುಗಿ ಮನೆ ಮುಟ್ಟಬೇಕಿತ್ತು.

ಕೊನೆಗೆ ಫೋನು ಮಾಡಿದೆ. ವಿಷಯ ಹೇಳುವಂತಿಲ್ಲ; ಹೆಜ್ಜೆಯ ಸುದ್ದಿಯನ್ನು ಪ್ರವಾಸಿಗರಿಗೆ ನಾವು ಹೇಳುವುದಿಲ್ಲ. ಅತ್ತೆ, ಮಾವ, ವಾರಗಿತ್ತಿ ಎಲ್ಲ ಇರುವ ಮನೆಯಲ್ಲಿ ಕೂತ ಹುಡುಗಿಗೆ, ಅದು ನಿನ್ನ ಮನೆಯಲ್ಲ ಅಂತ ಕಡಲು ಹೇಳುತ್ತಿದೆ ಅಂದರೆ ಅವಳ ಗತಿಯೇನು? “ಫೋಟೋ ಸಿಕ್ಕಿತಾ? ಸರಿಯಾಗಿ ಮನೆ ಮುಟ್ಟಿದ್ರಾ?” ಅಂದೆ.

“ಅವತ್ತೇ ಮುಟ್ಟಿದ್ವಲ್ಲ ಅಕ್ಕಾ!” ಅಂದಳು. ಆಮೇಲೆ ದನಿ ಇಳಿಸಿ, “ಕಡಲು ಹೇಗಿದೆ?” ಅಂತ ಕೇಳಿದಳು. ನಾನು ಫೋನನ್ನು ನೀರಿನ ಕಡೆ ಹಿಡಿದೆ. ತುಂಬ ಹೊತ್ತು ಕೇಳಿದಳು.

ಅಂದಿನಿಂದ ಫೋನು ನಿಲ್ಲಲಿಲ್ಲ. ಮೊದಮೊದಲು ಸ್ವಾರ್ಥಕ್ಕೆ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳ ಮಾತು ಕೇಳದಿದ್ದರೆ ಸಂಜೆ ಸಪ್ಪೆಯಾಗತೊಡಗಿತು. ನನ್ನ ಬಾಯಲ್ಲಿ ನೀವು ಹೋಗಿ ನೀನು ಆಯಿತು. ಅವಳಿಗೆ ಕಷ್ಟ ಇದೆಯೇನೋ ಅಂತ ನಾನು ಸುತ್ತಿ ಬಳಸಿ ಕೇಳಿದರೆ ಇಂಥದ್ದು ಅಂತ ಒಂದೂ ಇರಲಿಲ್ಲ. ಅತ್ತೆ ಒಳ್ಳೆಯವರು, ಮಾವ ದೇವರಂಥವರು, ವಾರಗಿತ್ತಿ ಅಕ್ಕನಿಗಿಂತ ಹೆಚ್ಚು. “ನನ್ನನ್ನ ಏನೂ ಮಾಡೋಕೆ ಬಿಡಲ್ಲ ಅಕ್ಕಾ. ಕಸಬರಿಕೆ ಮುಟ್ಟಿದ್ರೆ ಕಿತ್ಕೊತಾರೆ. ಊಟಕ್ಕೆ ಕೂತಾಗ ಉಪ್ಪು ಎಲ್ಲಿದೆ ಅಂತ ನೋಡಿದ್ರೆ ಮೂರು ಜನ ಎದ್ದು ಓಡ್ತಾರೆ. ಕಾಫಿ ಕೊಡೋದು ಚಿನ್ನದ ಅಂಚಿನ ಕಪ್ಪಲ್ಲಿ. ಮಿಕ್ಕೋರಿಗೆಲ್ಲ ಸ್ಟೀಲ್ ಲೋಟ.”

“ಕಪ್ಪಿನಲ್ಲಿ ಕುಡಿಲಿಕ್ಕೆ ಎಂತ ಕಷ್ಟ?” ಅಂದೆ.

“ಕಷ್ಟ ಏನಿಲ್ಲ,” ಅಂದಳು. ಆಮೇಲೆ, “ನೆಂಟರು ಬಂದಾಗಲೂ ಅದೇ ಕಪ್ಪು ತೆಗೀತಾರೆ,” ಅಂದಳು.

ನನಗೆ ಪಾಪ ಅನಿಸಿತು, ಕೋಪವೂ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಪ್ರೀತಿ ಮಾಡುತ್ತಾರೆ ಅಂತ ದೂರು ಕೊಡಲಿಕ್ಕಾಗುತ್ತದೆಯೇ? ಮನೆಗೆ ಬಂದು ನನ್ನ ಅತ್ತೆಗೆ ಹೇಳಿದೆ. ಅತ್ತೆ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಪ್ರಾಯ ಎಷ್ಟಾದರೂ ಆ ಕೈ ನಿಲ್ಲುವುದಿಲ್ಲ, ಬಾಯಿಯೂ ಅಷ್ಟೆ.

“ಅವಳಿಗೆ ಯಾರಾದರೂ ಬೈದಿದ್ದಾರಾ?” ಅಂತ ಕೇಳಿದರು.

“ಇಲ್ಲ. ಒಳ್ಳೆಯ ಜನ ಅಂತೆ.”

“ಹಾಗಾದ್ರೆ ಹೇಗೆ ಅಳಿಯುದು? ನೆಂಟರಿಗೆ ಯಾರು ಬೈತಾರೆ ಮಾರಾಯ್ತಿ?” ಎಲೆಯ ತುದಿ ಮಡಚುತ್ತಾ ಅತ್ತೆ ನಕ್ಕರು. “ನಿನ್ನದು ಹೇಗೆ ಅಳಿದದ್ದು ಅಂತ ಗೊತ್ತುಂಟಾ?”

ಗೊತ್ತಿತ್ತು ಅಂದುಕೊಂಡಿದ್ದೆ. ನಾನೂ ಈ ಊರಿಗೆ ಸೊಸೆಯಾಗಿ ಬಂದವಳೇ. ಬಂದ ಮೊದಲ ದಿನ ಕಡಲು ನೋಡಲು ಹೋಗಿ ಇಟ್ಟ ಹೆಜ್ಜೆ ಊರೆಲ್ಲ ನೋಡುವ ಹಾಗೆ ದಂಡೆಯಲ್ಲಿ ಬಿದ್ದುಕೊಂಡಿತ್ತು. ನಾಚಿಕೆಯಿಂದ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ವಿಠಲ ಮೊದಲ ಸಲ ಬೋಟಿನಿಂದ ಬಂದು ನನಗೆ ಬಳೆ ಕೊಟ್ಟ ದಿನ ಅಳಿಯಿತು ಅಂತ ಇಷ್ಟು ವರ್ಷ ನಂಬಿದ್ದೆ.

“ಬಳೆಯೂ ಇಲ್ಲ, ಗಿಳೆಯೂ ಇಲ್ಲ,” ಅಂದರು ಅತ್ತೆ. “ನೆನೆಸಿಟ್ಟ ಬೀಡಿ ಎಲೆಯನ್ನ ನೀನು ಬಿಸಿಲಿಗೆ ಹಾಕಿದ್ದಿ. ಎಲ್ಲ ಪುಡಿ ಪುಡಿ. ನನಗೆ ತಲೆ ಸುತ್ತಿ ಬಂತು. ಕೇರಿಗೆಲ್ಲ ಕೇಳುವ ಹಾಗೆ ಬೈದೆ. ನೀನೂ ಸುಮ್ಮನಿರ್ಲಿಲ್ಲ, ಹೇಳಿ ಕೊಡದಿದ್ರೆ ನನಗೆ ಹೇಗೆ ಗೊತ್ತಾಗುದು ಅಂತ ತಿರುಗಿ ಹೇಳಿದಿ. ಮರುದಿನ ಬೆಳಿಗ್ಗೆ ಹೋಗಿ ನೋಡಿದೆ, ಹೆಜ್ಜೆ ಇಲ್ಲ.”

“ನೀವು ಹೋಗಿ ನೋಡ್ತಿದ್ರಾ?”

“ದಿನಾ ಹೋಗ್ತಿದ್ದೆ. ಚಿಪ್ಪು ಊರಿದ್ದು ಯಾರು ಮತ್ತೆ?” ಅಂದು ಅತ್ತೆ ಇನ್ನೊಂದು ಎಲೆ ತೆಗೆದುಕೊಂಡರು. ಎದ್ದು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ಮದ್ದು ಸಿಕ್ಕಿದ ಮೇಲೆ ತಡ ಯಾಕೆ? ಇಂದುಮತಿಗೆ ಬೈಗುಳ ತಿನ್ನಿಸುವ ಕೆಲಸಕ್ಕೆ ಇಳಿದೆ. “ಒಂದು ಕೆಲಸ ಮಾಡು. ಆ ಚಿನ್ನದ ಅಂಚಿನ ಕಪ್ಪು ಉಂಟಲ್ಲ, ಅದನ್ನು ಕೈಜಾರಿ ಬೀಳಿಸು.”

“ಯಾಕಕ್ಕಾ?”

“ಯಾಕೆ ಅಂತ ಕೇಳ್ಬೇಡ. ಒಡಿ.”

ಒಡೆದಳು. ಮರುದಿನ ಫೋನಿನಲ್ಲಿ, “ಅತ್ತೆ ಓಡಿ ಬಂದ್ರು ಅಕ್ಕಾ. ‘ಪರವಾಗಿಲ್ಲ ಬಿಡಮ್ಮ, ಕೈಗೆ ಚುಚ್ತಾ’ ಅಂತ ಕೈ ಹಿಡ್ಕೊಂಡು ನೋಡಿದ್ರು. ಅರಿಶಿನ ಹಚ್ಚಿದ್ರು. ಸಾಯಂಕಾಲ ಮಾವ ಹೊಸ ಸೆಟ್ಟೇ ತಂದ್ರು,” ಅಂದಳು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುವ ಗಾದೆ ಕೇಳಿದ್ದೆ. ಸೊಸೆ ಒಡೆದ ಕಪ್ಪಿಗೂ ಬೆಲೆಯಿಲ್ಲದ ಮನೆಯನ್ನು ಅಂದೇ ಕೇಳಿದ್ದು. ಹಾಲು ಉಕ್ಕಿಸಿಬಿಡು ಅಂದೆ. ಹಾಲು ಉಕ್ಕಿದರೆ ಶುಭ ಅಂದರಂತೆ. ಊಟಕ್ಕೆ ತಂದಿಟ್ಟ ಉಪ್ಪನ್ನೆಲ್ಲ ಸಾರಿಗೆ ಸುರಿದುಬಿಡು ಅಂದೆ. ಎಲ್ಲರೂ ಮಾತಾಡದೆ ಉಂಡು, ಚೆನ್ನಾಗಿದೆ ಅಂದು, ಆಮೇಲೆ ಒಬ್ಬೊಬ್ಬರೇ ಎದ್ದು ಹೋಗಿ ನೀರು ಕುಡಿದರಂತೆ. ಅಂಥ ಒಳ್ಳೆಯ ಜನರ ಎದುರು ನಾನು ಸೋತೆ.

ಚಳಿ ಹೋಯಿತು, ಸೆಕೆ ಬಂತು, ಶಾಲೆಗಳಿಗೆ ರಜೆ ಸಿಕ್ಕಿ ಊರು ಪ್ರವಾಸಿಗರಿಂದ ಗಿಜಿಗುಟ್ಟಿತು. ನನ್ನ ಟೆಂಪೋದಲ್ಲಿ ಮಂಜುಗಡ್ಡೆಯೇ. ಸಿರಿಲಣ್ಣ ತಮಾಷೆ ಮಾಡುವುದನ್ನೂ ಬಿಟ್ಟಿದ್ದ, ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು. ದಿನಾ ಸಂಜೆ ದಂಡೆಗೆ ಹೋಗಿ ಬಿದ್ದ ಚಿಪ್ಪುಗಳನ್ನು ನೆಟ್ಟಗೆ ಮಾಡುತ್ತಿದ್ದೆ. ಬೇಲಿಯೊಳಗೆ ಅವಳ ಹೆಜ್ಜೆಗಳು ಓಡಿದ್ದು ಓಡಿದ ಹಾಗೆ, ಕುಂಟಿದ್ದು ಕುಂಟಿದ ಹಾಗೆ. ಎಷ್ಟು ಚಿಕ್ಕ ಪಾದ ಅನಿಸುತ್ತಿತ್ತು.

ಒಂದು ದಿನ ಹಾಗೆ ಚಿಪ್ಪು ಊರುತ್ತಿದ್ದಾಗ ಅವಳೇ ಫೋನು ಮಾಡಿದಳು. ಏದುಸಿರು ಬಿಡುತ್ತಿದ್ದಳು.

“ಎಂತ ಆಯ್ತು? ಹುಷಾರಿದ್ದಿ ಅಲ್ವಾ?”

“ಹುಷಾರಿದೀನಿ ಅಕ್ಕಾ. ಮನೇಲಿ ಯಾರೂ ಇಲ್ಲ. ಎಲ್ಲ ನಾಮಕರಣಕ್ಕೆ ಹೋದ್ರು, ಮಾವ ತೋಟಕ್ಕೆ. ನಾನು ತಲೆನೋವು ಅಂತ ಸುಳ್ಳು ಹೇಳಿ ಉಳ್ಕೊಂಡೆ.” ದನಿಯಲ್ಲಿ ಕಳ್ಳತನದ ಖುಷಿಯಿತ್ತು. “ಇಡೀ ಮನೆ ಗುಡಿಸಿ ಒರೆಸ್ದೆ. ಅಟ್ಟದ ಮೆಟ್ಲೂ ಬಿಡ್ಲಿಲ್ಲ. ಅಡುಗೆಮನೆ ಡಬ್ಬಿ ಎಲ್ಲಾ ಇಳಿಸಿ, ನಂಗೆ ಬೇಕಾದ ಹಾಗೆ ಜೋಡಿಸ್ದೆ. ಉಪ್ಪು ಎಲ್ಲಿತ್ತು ಗೊತ್ತಾ? ಒಲೆ ಹಿಂದೆ! ಅದನ್ನ ಈಚೆ ಇಟ್ಟೆ. ನೆಲ ನೋಡ್ಬೇಕು ನೀವು, ಮುಖ ಕಾಣುತ್ತೆ.”

“ಒಳ್ಳೇದಾಯ್ತು,” ಅಂದೆ. “ಬೈತಾರೆ ಅಲ್ವಾ ಬಂದು?” ನನಗೆ ಇನ್ನೂ ಆಸೆ.

“ಎಲ್ಲಿ ಬೈತಾರೆ ಅಕ್ಕಾ,” ಅಂದು ನಕ್ಕಳು. “ಇಲ್ಲಿ ಈಗ ಮಳೆ ಬಂದು ನಿಂತಿದೆ. ಮಣ್ಣಿನ ವಾಸನೆ ಎಷ್ಟು ಚೆನ್ನಾಗಿದೆ ಗೊತ್ತಾ. ಸ್ವಲ್ಪ ಕಡಲು ಕೇಳಿಸಿ.” ನಾನು ಫೋನನ್ನು ನೀರಿನ ಕಡೆ ಚಾಚಲು ಹೊರಟೆ. ಅಷ್ಟರಲ್ಲಿ ಅದರೊಳಗಿನಿಂದ ಒಂದು ಕಿರುಚು ಬಂತು. ಇಂದುಮತಿಯ ಅಂಥ ದನಿಯನ್ನು ನಾನು ಕೇಳಿರಲಿಲ್ಲ.

“ಮಾವಾ! ಅಲ್ಲೇ ನಿಂತ್ಕೊಳ್ಳಿ! ಒಂದು ಹೆಜ್ಜೆ ಮುಂದೆ ಇಡ್ಬೇಡಿ! ಈಗ ತಾನೆ ಒರೆಸಿದೀನಿ, ಕಾಣಲ್ವಾ? ಕೆಸರು ಕಾಲಲ್ಲಿ ಹಾಗೇ ನುಗ್ಗಿಬಿಡೋದಾ? ನೋಡಿ, ನೋಡಿ, ಹೆಜ್ಜೆ ಮೂಡಿಸಿಬಿಟ್ರಿ! ಯಾರು ಅಳಿಸ್ತಾರೆ ಇದನ್ನೆಲ್ಲ? ಹೋಗಿ, ಕಾಲು ತೊಳ್ಕೊಂಡು ಬನ್ನಿ!”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಷ್ಟು ದೂರದಿಂದ ಮುದುಕರೊಬ್ಬರ ದನಿ, “ಆಯ್ತಮ್ಮ, ಆಯ್ತಮ್ಮ, ತಪ್ಪಾಯ್ತು,” ಅಂದದ್ದು ಕೇಳಿತು. ಆಮೇಲೆ ಅಂಗಳದಲ್ಲಿ ನಲ್ಲಿ ಬಿಟ್ಟ ಸದ್ದು.

“ಅಯ್ಯೋ ಅಕ್ಕಾ,” ಇಂದುಮತಿ ಪಿಸುಗುಟ್ಟಿದಳು, “ಮಾವಂಗೆ ಬೈದ್ಬಿಟ್ಟೆ ಅಕ್ಕಾ! ಈಗೇನು ಮಾಡ್ಲಿ? ಕಾಲು ತೊಳೀತಾ ಒಬ್ರೇ ನಗ್ತಿದಾರೆ. ‘ಮನೆಗೊಬ್ಬಳು ಯಜಮಾನಿ ಬಂದ್ಲು’ ಅಂತಿದಾರೆ.”

ಒಂದು ಅಲೆ ಬಂತು, ದೊಡ್ಡದೇನಲ್ಲ, ದಿನಾ ಬರುವಂಥದ್ದೇ. ಚಿಪ್ಪಿನ ಬೇಲಿಯ ಸಂದಿಯಿಂದ ಒಳಗೆ ನುಗ್ಗಿ, ಕಪ್ಪು ಬಂಡೆಯ ತನಕ ಹೋಗಿ, ಏಡಿಯ ಹಿಂದೆ ಹೋದ ಕಡೆಯೂ ಹೋಗಿ, ಕುಂಟೆಬಿಲ್ಲೆ ಆಡಿದ ಮೂಲೆಯನ್ನೂ ಬಿಡದೆ, ನಿಧಾನಕ್ಕೆ ಹಿಂದೆ ಸರಿಯಿತು. ಒರೆಸಿದ ನೆಲದ ಹಾಗೆ ಮರಳು ಹೊಳೆಯುತ್ತಿತ್ತು. ಒಂದು ಗುಳಿಯೂ ಉಳಿದಿರಲಿಲ್ಲ.

“ಅಕ್ಕಾ? ಇದೀರಾ? ಕಡಲು ಕೇಳಿಸ್ತೀರಾ?”

“ಕೇಳು,” ಅಂದು ಫೋನು ಚಾಚಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೀಸನ್ನಿಗೆ ಇನ್ನೂ ದಿನಗಳಿವೆ ಅನ್ನುವುದು ಆಗ ನೆನಪಿಗೂ ಬರಲಿಲ್ಲ. ಅವಳು ಸ್ವಲ್ಪವೇ ಕೇಳಿ, “ಸಾಕು ಅಕ್ಕಾ, ಒಲೆ ಮೇಲೆ ಕಾಫಿ ಇಟ್ಟಿದೀನಿ, ಆಮೇಲೆ ಮಾಡ್ತೀನಿ,” ಅಂದು ಇಟ್ಟುಬಿಟ್ಟಳು. ಅಷ್ಟು ಬೇಗ ಅವಳು ಎಂದೂ ಫೋನು ಇಟ್ಟಿರಲಿಲ್ಲ.

ಚಿಪ್ಪುಗಳನ್ನು ಆರಿಸಲಿಕ್ಕೂ ನಿಲ್ಲದೆ ಟೆಂಪೋ ಓಡಿಸಿದೆ. ಸ್ಟ್ಯಾಂಡಿನ ಎದುರು ನಿಧಾನ ಮಾಡಿ, “ಹೋಯ್ತು ಸಿರಿಲಣ್ಣ!” ಅಂತ ಕೂಗಿದೆ. ಅವನು ಆಟೋದಿಂದ ಇಳಿದು ಎರಡೂ ಕೈ ಎತ್ತಿ, ನಾಳೆ ಬೆಳಗ್ಗಿನ ಬಸ್ಸಿನ ಮೊದಲ ಜನ ನಿಮಗೇ ಅಂತ ಕೂಗಿ ಹೇಳಿದ. “ಹೊಸ ಜೋಡಿ ಬಂದ್ರೆ ಮಾತ್ರ ಬೇಡ ಆಯ್ತಾ, ವಾರಿಜಕ್ಕ!” ಅಂತ ಸೇರಿಸಿದ. ಅವನಿಗೆ ಬುದ್ಧಿ ಬರುವುದಿಲ್ಲ, ಬೇಡ ಅನ್ನಬಾರದು ಅಂತ ಇನ್ನೂ ಗೊತ್ತಾಗಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿ, “ಅತ್ತೇ, ಹೋಯ್ತು! ಅವಳು ಬೈಸಿಕೊಳ್ಳಲಿಲ್ಲ, ಅವಳೇ ಬೈದಳು!” ಅನ್ನುತ್ತಾ ಒಳಗೆ ಓಡಿದೆ. ಮಂಡಿಯ ತನಕ ಒದ್ದೆ ಮರಳು ಮೆತ್ತಿತ್ತು. ಅತ್ತೆ ನಡುಮನೆಯಲ್ಲಿ ಬಟ್ಟೆ ಹಾಸಿ ಕಟ್ಟಿದ ಬೀಡಿಗಳನ್ನು ಹರಡಿದ್ದರು, ನಾನು ನೋಡಲಿಲ್ಲ.

“ಕಣ್ಣು ಎಲ್ಲಿ ಇಟ್ಟಿದ್ದಿ?” ಅತ್ತೆಯ ದನಿಗೆ ಹೆಂಚಿನ ಮಾಡಿನ ಮೇಲಿದ್ದ ಕಾಗೆ ಹಾರಿತು. “ಮೂರು ದಿನದ ಕೆಲಸ ತುಳಿದು ಹಾಳು ಮಾಡಿದಿ! ಇಷ್ಟು ಪ್ರಾಯ ಆಯ್ತು, ಕಾಲು ತೊಳೆದು ಒಳಗೆ ಬರ್ಬೇಕು ಅಂತ ಈಗಲೂ ಹೇಳಿ ಕೊಡ್ಬೇಕಾ ನಿನಗೆ? ಮರಳು ನೋಡು, ಮರಳು! ಕಡಲನ್ನೇ ಹೊತ್ತುಕೊಂಡು ಬಂದಿದ್ದಿ!”

ನಾನು ಕಾಲು ತೊಳೆಯಲು ಹೋಗಲಿಲ್ಲ. ಅಲ್ಲೇ ನಿಂತು, ಪೂರ್ತಿ ಬೈಸಿಕೊಂಡೆ.